ಬಾಲ್ಕನಿಯ ಕುಂಡದಲ್ಲಿ ಕೃಷ್ಣಕಮಲದ ಬಳ್ಳಿ

ಈ ಸ್ಮರಣ ಸಂಚಿಕೆಗೆ ಉಪಯುಕ್ತವಾದ ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯವರು ಕೇಳಿಕೊಂಡಾಗ, ಹಳೆಯ ವಿದ್ಯಾರ್ಥಿನಿಯರಿಂದ ನಮಗೆ ಬಂದ ಕಾಗದಗಳನ್ನು ನಾವು ಮತ್ತೊಮ್ಮೆ ತೆರೆದು ನೋಡಿದೆವು. ಅವುಗಳಲ್ಲಿ ಅನೇಕವು ಒಂದೇ ಸಂಗತಿಯನ್ನು ವಿಚಾರಿಸುತ್ತವೆ. ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಮುಂಬಯಿ ಮೊದಲಾದ ಪಟ್ಟಣಗಳಲ್ಲಿ ಸಂಸಾರ ಹೂಡಿರುವ ನಮ್ಮ ಹೆಣ್ಣುಮಕ್ಕಳಲ್ಲಿ ಬಹುಜನರಿಗೆ ಈಗ ಹಿತ್ತಿಲೆಂಬದಿಲ್ಲ. ಮನೆ ಮೂರನೆಯ ಅಥವಾ ಏಳನೆಯ ಅಂತಸ್ತಿನಲ್ಲಿ. ಹೊರಗೆ ಚಾಚಿದ ಒಂದು ಬಾಲ್ಕನಿ. ಅದರಲ್ಲಿಯೂ ಅರ್ಧ ಸ್ಥಳ ಬಟ್ಟೆ ಒಣಗಿಸುವ ತಂತಿಗೆ ಮೀಸಲು. “ಶಾಲೆಯ ಬಾವಿಯ ಹತ್ತಿರ ಚಪ್ಪರದ ಮೇಲೆ ಹಬ್ಬಿದ್ದ ಆ ನೀಲಿ ಹೂವಿನ ಬಳ್ಳಿಯನ್ನು ಇಲ್ಲಿ ಬೆಳೆಸಲಾದೀತೇ?” ಎಂಬದು ಅವರ ಪ್ರಶ್ನೆ. ಬೆಳೆಸಬಹುದು. ಬಳ್ಳಿಗೆ ಬೇಕಾದದ್ದು ಬಹು ನೆಲವಲ್ಲ. ಸಾಕಷ್ಟು ಬಿಸಿಲು, ನೀರಿಳಿಯುವ ಮಣ್ಣು, ಹಿಡಿದು ಏರುವದಕ್ಕೆ ಒಂದು ನೂಲು, ಮತ್ತು ನೋಡಿಕೊಳ್ಳುವವರ ಕಣ್ಣು. ಇವುಗಳ ವಿಷಯವಾಗಿ ನಮಗೆ ತಿಳಿದಷ್ಟನ್ನು ಕ್ರಮವಾಗಿ ಬರೆಯುತ್ತೇವೆ.

ಹೆಸರಿನ ವಿಚಾರ

ಈ ಬಳ್ಳಿಗೆ ನಮ್ಮ ನಾಡಿನಲ್ಲಿ ಕೃಷ್ಣಕಮಲವೆಂದೂ, ಕೌರವ-ಪಾಂಡವ ಹೂವೆಂದೂ, ಗಡಿಯಾರದ ಹೂವೆಂದೂ ಹೆಸರುಗಳುಂಟು. ಇಂಗ್ಲಿಷಿನವರು ಪ್ಯಾಶನ್ ಫ್ಲವರ್ ಎನ್ನುತ್ತಾರೆ. ‘ಪ್ಯಾಶನ್’ ಎಂಬ ಮಾತನ್ನು ಕೇಳಿ ಕೆಲವರು ಮೋಹವೆಂದೋ ಆವೇಶವೆಂದೋ ಅರ್ಥಮಾಡಿಕೊಳ್ಳುವದುಂಟು. ಇಲ್ಲಿ ಅದರ ಅರ್ಥ ಶ್ರಮೆ, ಅಂದರೆ ಕ್ರಿಸ್ತನು ಶಿಲುಬೆಯಲ್ಲಿ ಪಟ್ಟ ಬಾಧೆ. ಅಮೇರಿಕಾ ಖಂಡದ ಕಾಡುಗಳಲ್ಲಿ ಈ ಹೂವನ್ನು ಮೊದಲು ಕಂಡ ಸ್ಪೇನ್ ದೇಶದ ಧರ್ಮಬೋಧಕರು ಅದರ ಅಂಗಾಂಗಗಳಲ್ಲಿ ಆ ಕಥೆಯನ್ನು ಓದಿದರು. ರೋಮಿನಲ್ಲಿದ್ದ ಜಾಕೊಮೊ ಬೋಸಿಯೋ ಎಂಬ ಪಂಡಿತನು 1610ರಲ್ಲಿ ಇದನ್ನು ಕುರಿತು ಬರೆದ ಮೇಲೆ ಆ ಅರ್ಥವು ಯುರೋಪಿನಲ್ಲೆಲ್ಲಾ ಹಬ್ಬಿತು. ಕಾಲಾನುಕ್ರಮದಲ್ಲಿ ರೂಢಿಗೆ ಬಂದ ವಿವರಣೆ ಹೀಗಿದೆ: ಹೂವಿನ ಹತ್ತು ದಳಗಳು, ಯೂದನನ್ನೂ ಪೇತ್ರನನ್ನೂ ಬಿಟ್ಟು ಉಳಿದ ಹತ್ತು ಮಂದಿ ಅಪೊಸ್ತಲರು, ನಡುವಣ ನೂಲುಗಳ ಬಳೆ, ಮುಳ್ಳಿನ ಕಿರೀಟ, ಐದು ಪರಾಗಕೋಶಗಳು, ಐದು ಗಾಯಗಳು, ಮೂರು ಶಲಾಕಾಗ್ರಗಳು, ಮೂರು ಮೊಳೆಗಳು, ಸುರುಳಿಯಾದ ಕುಡಿಬಳ್ಳಿಗಳು, ಕೊರಡೆಗಳು. 1753ರಲ್ಲಿ ಸ್ವೀಡನ್ ದೇಶದ ಲಿನ್ನೇಯಸನು ತನ್ನ ಸಸ್ಯಗ್ರಂಥದಲ್ಲಿ ಈ ಕುಲಕ್ಕೆ ‘ಪ್ಯಾಸಿಫ್ಲೋರಾ’ ಎಂಬ ಹೆಸರನ್ನು ಸ್ಥಿರಪಡಿಸಿದನು.

ಅದೇ ಹೂವು ನಮ್ಮ ದೇಶಕ್ಕೆ ಬಂದಾಗ ಇಲ್ಲಿಯ ಜನರು ಅದರಲ್ಲಿ ಮಹಾಭಾರತವನ್ನು ಕಂಡರು. ಸುತ್ತಲೂ ಕಿಕ್ಕಿರಿದ ನೂಲುಗಳು ನೂರು ಮಂದಿ ಕೌರವರು. ಅವರ ನಡುವೆ ಐವರು ಪಾಂಡವರು. ಎಲ್ಲರ ಮೇಲೆ ಕೃಷ್ಣನು. ಮೂರು ಶಲಾಕಾಗ್ರಗಳನ್ನು ತ್ರಿಮೂರ್ತಿಗಳೆನ್ನುವವರೂ ಉಂಟು. ಜಪಾನಿನವರೂ ಇದನ್ನು ಗಡಿಯಾರವೆಂದೇ ಕರೆದರು. ಎಂಟನೆಯ ತರಗತಿಯಲ್ಲಿ ಈ ಹೂವನ್ನು ಬಿಡಿಸಿ ತೋರಿಸುವಾಗ ನಾವು ಎರಡು ಕಥೆಗಳನ್ನೂ ಹೇಳುತ್ತೇವೆ. ಎರಡು ಬಗೆಯ ಮನೆಗಳಿಂದ ಬಂದ ಮಕ್ಕಳು ಒಂದೇ ಹೂವಿನ ಮೇಲೆ ತಲೆಬಾಗಿ ಎಣಿಸುವದನ್ನು ನೋಡುವದು ನಮಗೆ ಸಂತೋಷ. ಆಮೇಲೆ ಮೂರನೆಯ ಕಥೆಯನ್ನು, ಅಂದರೆ ಈ ಅಂಗಗಳು ನಿಜವಾಗಿ ಮಾಡುವ ಕೆಲಸವನ್ನು ಹೇಳುತ್ತೇವೆ. ಅದು ಬಾಲ್ಕನಿಯ ತೋಟಗಾರ್ತಿಗೂ ಬೇಕಾದದ್ದಾದಕಾರಣ ಮುಂದೆ ಬರೆಯುವೆವು.

ಯಾವ ಬಳ್ಳಿಯನ್ನು ಆರಿಸಬೇಕು?

ಈ ಕುಲದಲ್ಲಿ 500ಕ್ಕೂ ಮಿಕ್ಕಿ ಜಾತಿಗಳಿವೆ. ಬಹುತೇಕ ಎಲ್ಲವುಗಳ ತವರು ಮಧ್ಯ ಮತ್ತು ದಕ್ಷಿಣ ಅಮೇರಿಕಾ. ನೀಲಗಿರಿಯ ಬೆಟ್ಟಗಳಲ್ಲಿ ಸ್ವಾಭಾವಿಕವಾಗಿ ಬೆಳೆಯುವ, ಲೆಶೆನೋ ಎಂಬ ಫ್ರೆಂಚ್ ಸಸ್ಯಜ್ಞನ ಹೆಸರಿನ ಒಂದು ಜಾತಿ ನಮ್ಮ ದಕ್ಷಿಣದೇಶದ್ದೇ ಎಂಬದನ್ನು ಮಕ್ಕಳಿಗೆ ತಿಳಿಸತಕ್ಕದ್ದು. ಸಸಿಗಳನ್ನು ಮಾರುವವರು ಕೃಷ್ಣಕಮಲವೆಂಬ ಒಂದೇ ಹೆಸರಿನಿಂದ ಹಲವು ಜಾತಿಗಳನ್ನು ಕೊಡುತ್ತಾರೆ. ಆದದರಿಂದ ಹೆಸರನ್ನು ನಂಬದೆ ಎಲೆಯನ್ನು ನೋಡಿರಿ.

ಎಲೆಯು ಅಂಗೈಯಂತೆ ಐದು ಬೆರಳುಗಳಾಗಿ ಸೀಳಿ, ಅಂಚು ನುಣುಪಾಗಿದ್ದರೆ ಅದು ಸೆರುಲಿಯಾ ಎಂಬ ನೀಲಿ ಜಾತಿ. ಬಿಳಿಯ ದಳಗಳ ಮೇಲೆ ನೀಲಿ, ಬಿಳಿ, ಕೆನ್ನೀಲಿ ಪಟ್ಟೆಗಳ ನೂಲುಬಳೆ. ಹೂವಿಗಾಗಿ ಬೆಳೆಸುವವರಿಗೆ ಕುಂಡದಲ್ಲಿ ಇದೇ ಉತ್ತಮ. ನೆಲದಲ್ಲಿಟ್ಟರೆ ಬೇರಿನಿಂದ ಮರಿಗಳನ್ನು ಎಬ್ಬಿಸಿ ತೋಟವನ್ನೆಲ್ಲಾ ಆಕ್ರಮಿಸುವ ದುರ್ಗುಣವು ಇದಕ್ಕುಂಟು; ಕುಂಡವು ಅದನ್ನು ಹದ್ದಿನಲ್ಲಿಡುವದು. ಬೆಂಗಳೂರು, ಚಿಕ್ಕಮಗಳೂರುಗಳಂಥ ತಂಪು ಊರುಗಳಲ್ಲಿ ಇದು ಚೆನ್ನಾಗಿ ಹೂಡುತ್ತದೆ.

ಎಲೆಯು ಮೂರು ಬೆರಳುಗಳಾಗಿ, ಅಂಚಿನಲ್ಲಿ ಗರಗಸದ ಹಲ್ಲುಗಳಿದ್ದರೆ ಅದು ಹೆಚ್ಚಾಗಿ ಎಡ್ಯೂಲಿಸ್ ಎಂಬ ಹಣ್ಣಿನ ಜಾತಿ. ಕೊಡಗಿನವರೂ ಕರಾವಳಿಯವರೂ ಶರಬತ್ತು ಹಣ್ಣೆಂದು ಕರೆಯುವದು ಇದನ್ನೇ. ಇದರಲ್ಲಿ ಎರಡು ಬಗೆ. ನೇರಳೆ ಬಣ್ಣದ ಹಣ್ಣಿನದು ಬೆಟ್ಟದ ತಂಪನ್ನು ಬಯಸುವದು. ಹಳದಿ ಹಣ್ಣಿನದು ಕರಾವಳಿಯ ಸೆಕೆಯನ್ನು ತಾಳುವದು. ಇವೆರಡನ್ನೂ ಕೂಡಿಸಿ ಕೊಡಗಿನ ಚೆಟ್ಟಳ್ಳಿಯಲ್ಲಿರುವ ತೋಟಗಾರಿಕಾ ಪ್ರಯೋಗ ಕೇಂದ್ರದವರು ‘ಕಾವೇರಿ’ ಎಂಬ ಸಂಕರ ತಳಿಯನ್ನು ಹೊರಡಿಸಿದ್ದಾರೆ. ಇನ್ಕಾರ್ನಾಟಾ ಎಂಬ ಇನ್ನೊಂದು ಜಾತಿಗೂ ಮೂರು ಬೆರಳಿನ ಎಲೆಯೇ. ಅದರ ಹೂವು ತಿಳಿ ನೇರಳೆ. ಅದರ ತವರು ಅಮೇರಿಕಾ ಸಂಯುಕ್ತ ಸಂಸ್ಥಾನದ ಆಗ್ನೇಯ ಭಾಗ. ಅಲ್ಲಿಯ ಚಳಿಗಾಲದಲ್ಲಿ ಅದು ನೆಲದ ಮಟ್ಟಕ್ಕೆ ಒಣಗಿ, ವಸಂತದಲ್ಲಿ ಬೇರಿನಿಂದ ಮತ್ತೆ ಚಿಗುರುವದು. ಇಲ್ಲಿಯೂ ಒಣಗಿದಂತೆ ಕಂಡರೆ ಸತ್ತಿತೆಂದು ಕುಂಡವನ್ನು ಬರಿದು ಮಾಡಕೂಡದು.

ಎರಡು ಜಾತಿಗಳನ್ನು ಬಾಲ್ಕನಿಗೆ ತರಬೇಡಿರಿ. ಕ್ವಾಡ್ರಾಂಗುಲಾರಿಸ್ ಎಂಬ ದೈತ್ಯ ಬಳ್ಳಿಯ ಕಾಂಡವು ನಾಲ್ಕು ಮೂಲೆಗಳದ್ದು, ಎಲೆಯು ಸೀಳಿಲ್ಲದ ಅಗಲವಾದದ್ದು. ಅದು ಇಡೀ ಚಪ್ಪರವನ್ನೇ ಕೇಳುವದು. ಬೇಲಿಗಳಲ್ಲಿ ಕಳೆಯಾಗಿ ಹಬ್ಬುವ, ಜಾಲರಿಯೊಳಗೆ ಗೋಲಿಯಂಥ ಹಣ್ಣು ಬಿಡುವ ಕುಕ್ಕಿಬಳ್ಳಿಯೂ ಇದೇ ಕುಲದ್ದು. ಅದನ್ನು ಕುಂಡಕ್ಕೆ ಆಹ್ವಾನಿಸುವ ಅಗತ್ಯವಿಲ್ಲ.

ಸ್ಥಳವೂ ಭಾರವೂ

ಈ ಬಳ್ಳಿಗೆ ದಿನಕ್ಕೆ ನಾಲ್ಕೈದು ತಾಸುಗಳಾದರೂ ನೇರ ಬಿಸಿಲು ಬೇಕು. ನೆರಳಿನಲ್ಲಿ ಎಲೆ ಸಮೃದ್ಧಿಯಾಗುವದು, ಹೂವು ಬಾರದು. ಪೂರ್ವದ ಬಾಲ್ಕನಿ ಎಲ್ಲಕ್ಕಿಂತ ಒಳ್ಳೇದು. ದಕ್ಷಿಣದ್ದು ವರುಷದ ಬಹುಭಾಗ ಒಳ್ಳೇದು. ಪಶ್ಚಿಮದ್ದರಲ್ಲಿ ಮಧ್ಯಾಹ್ನದ ಮೇಲಿನ ಉರಿಯಿಂದ ಕುಂಡವು ಕಾಯದಂತೆ ಅದರ ಮುಂದೆ ಒಂದು ಹಲಗೆಯನ್ನೋ ಚಿಕ್ಕ ಗಿಡಗಳನ್ನೋ ಇಡಬೇಕು. ಬಳ್ಳಿಯ ತಲೆ ಬಿಸಿಲಿನಲ್ಲಿಯೂ ಕಾಲು ನೆರಳಿನಲ್ಲಿಯೂ ಇರತಕ್ಕದ್ದು. ಉತ್ತರದ ಬಾಲ್ಕನಿಯವರು ಒಂದು ಸಂಗತಿಯನ್ನು ಗಮನಿಸಲಿ. ಬೆಂಗಳೂರಿನ ಅಕ್ಷಾಂಶದಲ್ಲಿ ಏಪ್ರಿಲ್ ತಿಂಗಳ ಕೊನೆಯ ವಾರದಿಂದ ಆಗಸ್ಟ್ ತಿಂಗಳ ನಡುವಿನ ವರೆಗೆ ಮಧ್ಯಾಹ್ನದ ಸೂರ್ಯನು ನೆತ್ತಿಗಿಂತ ಉತ್ತರಕ್ಕಿರುತ್ತಾನೆ. ಆದದರಿಂದ ಮೇ ತಿಂಗಳಲ್ಲಿ ಬಿಸಿಲನ್ನು ಕಂಡು ಉತ್ತರದ ಬಾಲ್ಕನಿಯಲ್ಲಿ ಬಳ್ಳಿಯನ್ನಿಟ್ಟವರು ನವಂಬರದಲ್ಲಿ ಕತ್ತಲೆಯನ್ನು ಕಾಣುವರು. ಒಂದು ವರುಷ ಪೂರ್ತಿ ತನ್ನ ಬಾಲ್ಕನಿಯ ಬಿಸಿಲನ್ನು ನೋಡಿ ತಿಳಿದವಳೇ ಅದರ ಯಜಮಾನಿ.

ಇನ್ನು ಭಾರದ ಮಾತು. ಇದನ್ನು ತಾಯಿತಂದೆಗಳು ಲಕ್ಷ್ಯವಿಟ್ಟು ಓದಬೇಕೆಂದು ಬೇಡುತ್ತೇವೆ. ಒಂದು ಘನ ಅಡಿ ಹಸಿ ಮಣ್ಣು ಸುಮಾರು 45 ಕಿಲೋ ತೂಗುವದು. ಅಂಥ ನಾಲ್ಕು ಕುಂಡಗಳೆಂದರೆ ಮೂವರು ದೊಡ್ಡ ಆಳುಗಳು ಹಗಲು ರಾತ್ರಿ ಒಂದೇ ಕಡೆಯಲ್ಲಿ ನಿಂತ ಹಾಗೆ. ಬಾಲ್ಕನಿಯು ಗೋಡೆಯಿಂದ ಹೊರಕ್ಕೆ ಚಾಚಿದ್ದಾದಕಾರಣ ಅದರ ಹೊರಗಿನ ಅಂಚಿನಲ್ಲಿ ಭಾರವನ್ನಿಡುವದಕ್ಕಿಂತ ಮನೆಯ ಗೋಡೆಗೆ ತಾಗಿಸಿ ಇಡುವದು ಕ್ಷೇಮ. ಹಳೆಯ ಕಟ್ಟಡದಲ್ಲಿ ಬಿರುಕುಗಳಿದ್ದರೆ ಬಲ್ಲ ಇಂಜಿನಿಯರರನ್ನು ಕೇಳದೆ ಕುಂಡಗಳನ್ನು ಕೂಡಿಸಕೂಡದು. ಕೈಪಿಡಿಗೋಡೆಯ ಮೇಲೆ ಕುಂಡವನ್ನಿಡುವದು ಎಂದೆಂದಿಗೂ ಬೇಡ. ಕೆಳಗೆ ಆಡುವ ಮಕ್ಕಳು ಯಾರ ಮನೆಯವರಾದರೂ ಮಕ್ಕಳೇ. ಅದೂ ಅಲ್ಲದೆ, ಎಳೆಯ ಮಕ್ಕಳಿರುವ ಮನೆಯಲ್ಲಿ ಕುಂಡವು ಕೈಪಿಡಿಯನ್ನು ಹತ್ತುವ ಮೆಟ್ಟಲಾಗದಂತೆ ದೂರವಿಡಿರಿ.

ಕುಂಡ, ಮಣ್ಣು, ನೆಡುವ ಕ್ರಮ

ಮೊದಲನೆಯ ವರುಷಕ್ಕೆ 10 ಅಂಗುಲ, ಅನಂತರ 14ರಿಂದ 16 ಅಂಗುಲ ಅಗಲದ ಕುಂಡ ಸಾಕು. ಬಹು ದೊಡ್ಡದನ್ನು ಮೊದಲೇ ಕೊಟ್ಟರೆ ಬಳ್ಳಿಯು ಬೇರನ್ನೂ ಎಲೆಯನ್ನೂ ಬೆಳೆಸುವದರಲ್ಲಿಯೇ ಕಾಲ ಕಳೆಯುವದು. ಬೇರು ಸ್ವಲ್ಪ ಇಕ್ಕಟ್ಟಾದರೆ ಹೂವಿನ ಕಡೆಗೆ ತಿರುಗುವದು. ಮಣ್ಣಿನ ಕುಂಡವು ಉಸಿರಾಡುತ್ತದೆ, ಆದರೆ ಬೇಗ ಒಣಗುತ್ತದೆ ಮತ್ತು ತೂಕ ಹೆಚ್ಚು. ಪ್ಲಾಸ್ಟಿಕಿನದು ಹಗುರ, ತೇವವನ್ನು ಹಿಡಿದಿಡುತ್ತದೆ; ಆದಕಾರಣ ಅದಕ್ಕೆ ನೀರು ಕಡಿಮೆ ಸಾಕು. ಯಾವದಾದರೂ ಆಗಲಿ, ತಳದಲ್ಲಿ ತೂತುಗಳಿರಲೇಬೇಕು.

ಮಣ್ಣಿಗೆ ನಮ್ಮ ಅಳತೆ ಇದು: ಕೆಮ್ಮಣ್ಣು ಎರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಒಂದು ಪಾಲು, ತೊಳೆದ ದಪ್ಪ ಮರಳು ಅಥವಾ ತೆಂಗಿನ ನಾರಿನ ಪುಡಿ ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ. ನಾರಿನ ಪುಡಿ ಹಾಕಿದರೆ ಕುಂಡದ ತೂಕವೂ ಇಳಿಯುವದು. ಧಾರವಾಡ, ಹುಬ್ಬಳ್ಳಿಗಳ ಎರೆಮಣ್ಣು ಹೊಲಕ್ಕೆ ಒಳ್ಳೇದಾದರೂ ಕುಂಡದಲ್ಲಿ ಅದೊಂದೇ ಆದರೆ ಮಳೆಗಾಲದಲ್ಲಿ ನೀರು ನಿಲ್ಲುವದು, ಬೇಸಿಗೆಯಲ್ಲಿ ಬಿರಿಯುವದು.

ಸಂತಾನಾಭಿವೃದ್ಧಿಗೆ ಬೀಜ ಮತ್ತು ಕಡ್ಡಿ ಎಂಬ ಎರಡು ಮಾರ್ಗಗಳುಂಟು. ಬೀಜವಾದರೆ ಹಣ್ಣಿನಿಂದ ತೆಗೆದು, ಸುತ್ತಲಿನ ಲೋಳೆಯನ್ನು ಉಜ್ಜಿ ತೊಳೆದು, ಒಡನೆಯೇ ಬಿತ್ತಿರಿ. ಹಳೆಯ ಬೀಜವು ಮೊಳೆಯುವದಕ್ಕೆ ಬಹಳ ದಿನ ಹಿಡಿಯುವದು. ಕಡ್ಡಿಯಾದರೆ ಪೆನ್ಸಿಲಿನ ದಪ್ಪದ, ಮೂರು ನಾಲ್ಕು ಗಿಣ್ಣುಗಳ ಬಲಿತ ತುಂಡನ್ನು ಆರಿಸಿ, ಮೇಲಿನ ಎಲೆಯೊಂದರ ಅರ್ಧವನ್ನು ಬಿಟ್ಟು ಉಳಿದವನ್ನು ತೆಗೆದು, ಎರಡು ಗಿಣ್ಣುಗಳು ಮರಳುಮಣ್ಣಿನೊಳಗಿರುವಂತೆ ಊರಿರಿ. ನೆರಳಿನಲ್ಲಿ ತೇವವಾಗಿಟ್ಟರೆ ಸುಮಾರು ಒಂದು ತಿಂಗಳಲ್ಲಿ ಬೇರು ಬರುವದು. ಮಳೆಗಾಲದ ಆರಂಭವು ಇದಕ್ಕೆ ಒಳ್ಳೇ ಸಮಯ. ಕಡ್ಡಿಯ ಬಳ್ಳಿಯು ಬೀಜದ್ದಕ್ಕಿಂತ ಮೊದಲು ಹೂಡುವದು. ಆದರೆ ಕಡ್ಡಿಗೂ ಬೀಜಕ್ಕೂ ಇನ್ನೊಂದು ದೊಡ್ಡ ಭೇದವುಂಟು. ಅದನ್ನು ಹಣ್ಣಿನ ಮಾತು ಬಂದಾಗ ಹೇಳುವೆವು.

ಆಸರೆ, ನೀರು, ಗೊಬ್ಬರ

ಬಳ್ಳಿಯು ಕುಡಿಬಳ್ಳಿಗಳಿಂದ ಹಿಡಿದು ಏರುತ್ತದೆ. ಇಂಗ್ಲೆಂಡಿನ ಡಾರ್ವಿನನು 1865ರಲ್ಲಿ ಏರುಬಳ್ಳಿಗಳನ್ನು ಕುರಿತು ಪ್ರಕಟಿಸಿದ ಪ್ರಬಂಧದಲ್ಲಿ, ಈ ಕುಲದ ಒಂದು ಸಣ್ಣ ಜಾತಿಯ ಕುಡಿಯು ಮುಟ್ಟಿದ ಅರ್ಧ ನಿಮಿಷದಷ್ಟರಲ್ಲಿ ಬಾಗಲಾರಂಭಿಸಿದ್ದನ್ನು ವರ್ಣಿಸಿದ್ದಾನೆ. ಹೀಗೆ ಸುತ್ತಿಕೊಳ್ಳುವ ಕುಡಿಗೆ ತೆಳ್ಳಗಿನ ಆಸರೆ ಬೇಕು. ದಪ್ಪ ಕಂಬವನ್ನು ಅದು ತಬ್ಬಲಾರದು. ಸೆಣಬಿನ ದಾರವನ್ನೋ ತೆಳುತಂತಿಯನ್ನೋ ಅರ್ಧ ಅಡಿಗೊಂದರಂತೆ ಮೇಲಿನಿಂದ ಕೆಳಗೆ ಕಟ್ಟಿರಿ. ಆರಂಭದಲ್ಲಿ ಒಂದೇ ಕಾಂಡವನ್ನು ನೆಟ್ಟಗೆ ಏರಿಸಿ, ಕೈಪಿಡಿಯ ಎತ್ತರಕ್ಕೆ ಬಂದ ಮೇಲೆ ತುದಿಯನ್ನು ಚಿವುಟಿದರೆ ಎರಡು ಕಡೆಗೂ ಕೊಂಬೆಗಳು ಒಡೆಯುವವು. ಮಹಡಿಯ ಮೇಲೆ ಗಾಳಿಯ ಹೊಡೆತ ಹೆಚ್ಚು; ಆದಕಾರಣ ಚೌಕಟ್ಟನ್ನು ಗೋಡೆಗೆ ಭದ್ರಪಡಿಸಿರಿ. ಒಗೆದ ಬಟ್ಟೆಯ ತಂತಿಯನ್ನು ಮಾತ್ರ ದೂರವಿಡಿರಿ. ಒಂದು ರಾತ್ರಿಯಲ್ಲಿ ಬಳ್ಳಿಯು ಸೀರೆಯ ಅಂಚನ್ನು ಹಿಡಿದುಕೊಳ್ಳುವದು, ಬಿಡಿಸುವಾಗ ಎರಡೂ ಹರಿಯುವವು.

ಹೂವು ಬರುವದು ಹೊಸ ಚಿಗುರಿನಲ್ಲಿ. ಈ ಒಂದು ಮಾತನ್ನು ತಿಳಿದವಳಿಗೆ ಕತ್ತರಿಸುವದಕ್ಕೆ ಹೆದರಿಕೆಯಿಲ್ಲ. ಹೂವಿನ ಇಲ್ಲವೆ ಹಣ್ಣಿನ ಭರ ಮುಗಿದ ಕೂಡಲೇ ಪಕ್ಕದ ಕೊಂಬೆಗಳಲ್ಲಿ ಮೂರರಲ್ಲೊಂದು ಪಾಲನ್ನು ಕತ್ತರಿಸಿರಿ. ಹಳೆಯ ದಪ್ಪ ಕಾಂಡವನ್ನು ಮುಟ್ಟಬೇಡಿರಿ.

ನೀರನ್ನು ಗಡಿಯಾರ ನೋಡಿ ಕೊಡಬಾರದು, ಮಣ್ಣು ಮುಟ್ಟಿ ಕೊಡಬೇಕು. ಬೆರಳಿನ ಎರಡು ಗೆಣ್ಣುಗಳಷ್ಟು ಆಳದಲ್ಲಿ ಒಣಗಿದ್ದರೆ ತೂತಿನಿಂದ ಹೊರಡುವ ವರೆಗೆ ಹೊಯ್ಯಿರಿ. ಬೇಸಿಗೆಯಲ್ಲಿ ನಿತ್ಯವೂ ಬೇಕಾದೀತು. ಮಳೆಗಾಲದಲ್ಲಿ ವಾರವಿಡೀ ಬೇಡವಾದೀತು. ಕೆಳಗಿನ ಎಲೆಗಳು ಹಳದಿಯಾಗಿ ಮಣ್ಣು ಒದ್ದೆಯಾಗಿಯೇ ಇದ್ದರೆ ಅದು ಬಾಯಾರಿಕೆಯಲ್ಲ, ಬೇರು ಕೊಳೆಯುವ ಲಕ್ಷಣ. ಕೆಳಮನೆಯವರ ಮೇಲೆ ನೀರು ತೊಟ್ಟಿಕ್ಕದಂತೆ ಕುಂಡದಡಿಯಲ್ಲಿ ತಟ್ಟೆಯನ್ನಿಡುವದು ನೆರೆಹೊರೆಯ ಧರ್ಮ. ಆದರೆ ಆ ತಟ್ಟೆಯ ನೀರನ್ನು ದಿನವೂ ಚೆಲ್ಲತಕ್ಕದ್ದು. ಡೆಂಗೀ ಜ್ವರವನ್ನು ಹರಡುವ ಈಡಿಸ್ ಸೊಳ್ಳೆಯು ಇಂಥಾ ಸ್ವಚ್ಛ ನಿಂತ ನೀರನ್ನೇ ಹುಡುಕುವದು. ಅದರ ಮೊಟ್ಟೆಯು ಒಂದು ವಾರ ಹತ್ತು ದಿನಗಳಲ್ಲಿ ಹಾರುವ ಸೊಳ್ಳೆಯಾಗುವದು.

ಗೊಬ್ಬರವನ್ನು ತಿಂಗಳಿಗೊಮ್ಮೆ ಎರಡು ಹಿಡಿಯಷ್ಟು ಕೊಟ್ಟರೆ ಸಾಕು. ಸಾರಜನಕ ಹೆಚ್ಚಾದರೆ ಎಲೆಗಳ ಹಬ್ಬ; ಹೂವಿಗೆ ಪೊಟ್ಯಾಶ್ ಬೇಕು. ಬಾಳೆಯ ಸಿಪ್ಪೆಯನ್ನು ಕಳೆಸಿ ಮಾಡಿದ ಗೊಬ್ಬರವೂ, ಬಹಳ ಮಿತವಾಗಿ ಕಟ್ಟಿಗೆಯ ಬೂದಿಯೂ ಅದನ್ನು ಒದಗಿಸುವವು.

ಹೂವಿನ ಕೆಲಸ, ಹಣ್ಣಿನ ಪ್ರಶ್ನೆ

ಇನ್ನು ನಾವು ಮುಂದಿಟ್ಟುಕೊಂಡಿದ್ದ ಮೂರನೆಯ ಕಥೆ. ಹೂವಿನ ನೂಲುಬಳೆಯು ಬಣ್ಣದಿಂದಲೂ ವಾಸನೆಯಿಂದಲೂ ಕೀಟಗಳನ್ನು ಕರೆಯುವದು. ಮಕರಂದವು ಅದರ ಕೆಳಗೆ ಒಂದು ಸಣ್ಣ ಕೋಣೆಯಲ್ಲಿ ಮುಚ್ಚಳದಡಿ ಇರುವದು. ನಡುವೆ ಒಂದು ಕಂಬ. ಕಂಬದ ಮೇಲೆ ಐದು ಪರಾಗಕೋಶಗಳು ಕೆಳಮುಖವಾಗಿ ತೂಗುತ್ತಿರುವವು. ಅವುಗಳ ಮೇಲೆ ಅಂಡಾಶಯ. ಅದರ ತಲೆಯಿಂದ ಮೂರು ಶಲಾಕೆಗಳು. ದೊಡ್ಡದೊಂದು ಕೀಟವು ಬಳೆಯ ಮೇಲೆ ಸುತ್ತುತ್ತಾ ಮಕರಂದವನ್ನು ಹೀರುವಾಗ ಅದರ ಬೆನ್ನು ಪರಾಗಕೋಶಗಳಿಗೆ ಉಜ್ಜುವದು. ಹೂವು ಅರಳಿ ತಾಸೊತ್ತಾದ ಮೇಲೆ ಶಲಾಕೆಗಳು ಮೆಲ್ಲಗೆ ಕೆಳಕ್ಕೆ ಬಾಗಿ ಅದೇ ಎತ್ತರಕ್ಕೆ ಬರುವವು. ಆಗ ಬೇರೊಂದು ಹೂವಿನಿಂದ ಬಂದ ಕೀಟದ ಬೆನ್ನಿನ ಪರಾಗವು ಅವುಗಳಿಗೆ ತಗಲುವದು. ಈ ಕೆಲಸಕ್ಕೆ ಸರಿಯಾದ ಅಳತೆಯುಳ್ಳದ್ದು ಒಣಮರವನ್ನು ಕೊರೆದು ಗೂಡುಮಾಡುವ ದೊಡ್ಡ ಕರೀ ದುಂಬಿ. ಜೇನುನೊಣವು ಚಿಕ್ಕದು, ಅದು ಪರಾಗವನ್ನು ಒಯ್ದರೂ ಶಲಾಕೆಗಳನ್ನು ಬಹುಶಃ ಮುಟ್ಟುವದೇ ಇಲ್ಲ. ಕೆಂಪು ಹೂವಿನ ಜಾತಿಗಳಲ್ಲಿ ತವರುನಾಡಿನ ಹಮ್ಮಿಂಗ್‌ಬರ್ಡ್ ಎಂಬ ಪುಟ್ಟ ಹಕ್ಕಿಯೇ ಈ ಸೇವೆಯನ್ನು ಮಾಡುವದು.

ಇದನ್ನು ಇಷ್ಟು ವಿವರವಾಗಿ ಬರೆಯುವದಕ್ಕೆ ಕಾರಣವುಂಟು. ಮಂಗಳೂರಿನಲ್ಲಿರುವ ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳು ನಮಗೆ ಬರೆದ ಕಾಗದದಲ್ಲಿ ತನ್ನ ಹಳದಿ ಹಣ್ಣಿನ ಬಳ್ಳಿಯ ಸಂಗತಿಯನ್ನು ತಿಳಿಸಿದ್ದಳು. ಬಳ್ಳಿಯು ಸೊಂಪಾಗಿದೆ, ಮೂರು ವರುಷಗಳಿಂದ ನೂರಾರು ಹೂಗಳು ಅರಳಿವೆ, ಒಂದು ಕಾಯಿಯೂ ಕಚ್ಚಿಲ್ಲ. ಜೊತೆಗಿರಲೆಂದು ಅದರ ಕಡ್ಡಿಯನ್ನೇ ಊರಿ ಎರಡನೆಯ ಕುಂಡವನ್ನೂ ಮಾಡಿದಳು, ಅದೂ ಹಾಗೆಯೇ. ನೆರೆಮನೆಯವರು ನೋಡಿ, ಇದು ಗೊಡ್ಡು ಬಳ್ಳಿ, ಇಂಥಾದ್ದು ಮನೆಯ ಮುಂದೆ ಇರಬಾರದು, ಕಿತ್ತುಬಿಡು ಎಂದರಂತೆ. ಆ ಸಾಲಿನ ಕೆಳಗೆ ಅವಳು ಬೇರೇನನ್ನೂ ಬರೆದಿರಲಿಲ್ಲ. ಅವಳ ಮದುವೆಯಾಗಿ ಒಂಭತ್ತು ವರುಷಗಳಾಗಿವೆಯೆಂಬದನ್ನೂ, ಆ ಮಾತು ಬಳ್ಳಿಗೆ ಮಾತ್ರ ತಗಲಿದ್ದಲ್ಲವೆಂಬದನ್ನೂ ನಾವು ಬಲ್ಲೆವು.

ನಾವು ಅವಳಿಗೆ ಬರೆದ ಉತ್ತರದ ಸಾರವನ್ನು ಎಲ್ಲರ ಪ್ರಯೋಜನಕ್ಕಾಗಿ ಇಲ್ಲಿ ಕೊಡುತ್ತೇವೆ. ಆ ಬಳ್ಳಿಯಲ್ಲಿ ಯಾವ ಕೊರತೆಯೂ ಇಲ್ಲ. ಹಳದಿ ಜಾತಿಯ ಹೂವು ತನ್ನ ಸ್ವಂತ ಪರಾಗವನ್ನು ಸ್ವೀಕರಿಸುವದಿಲ್ಲ. ಅದೇ ಬಳ್ಳಿಯ ಬೇರೆ ಹೂವಿನದನ್ನೂ ಸ್ವೀಕರಿಸುವದಿಲ್ಲ. ಇದು ರೋಗವಲ್ಲ, ಅದರ ಸ್ವಭಾವ. ಬೇರೆ ಬೇರೆ ವಂಶಗಳು ಕೂಡಬೇಕೆಂದು ಸೃಷ್ಟಿಯಲ್ಲಿರುವ ಏರ್ಪಾಡು. ಅವಳ ಎರಡನೆಯ ಕುಂಡದಲ್ಲಿದ್ದದ್ದು ಎರಡನೆಯ ಬಳ್ಳಿಯಲ್ಲ. ಕಡ್ಡಿಯಿಂದ ಬಂದದ್ದು ತಾಯಿಬಳ್ಳಿಯ ದೇಹದ ಒಂದು ತುಂಡೇ ಹೊರತು ಅದರ ಮಗಳಲ್ಲ. ಹತ್ತು ಕಡ್ಡಿಗಳನ್ನು ಹತ್ತು ಕುಂಡಗಳಲ್ಲಿಟ್ಟರೂ ಬಳ್ಳಿ ಒಂದೇ. ಬೇಕಾದದ್ದು ಬೇರೆ ಬೀಜದಿಂದ ಹುಟ್ಟಿದ ಇನ್ನೊಂದು ಹಳದಿ ಬಳ್ಳಿ. ಅದರ ಮೇಲೆ ನಾಲ್ಕನೆಯ ಅಂತಸ್ತಿಗೆ ಕರೀ ದುಂಬಿಯು ಬಾರದಿದ್ದರೆ ಅದರ ಕೆಲಸವನ್ನು ತೋಟಗಾರ್ತಿಯೇ ಮಾಡಬೇಕು.

ಮಾಡುವ ಕ್ರಮವು ಸುಲಭ. ಹಳದಿ ಜಾತಿಯ ಹೂವು ಮಧ್ಯಾಹ್ನದ ಹೊತ್ತಿಗೆ ಅರಳಿ ರಾತ್ರಿ ಮುಚ್ಚುವದು. ನೇರಳೆ ಜಾತಿಯದು ಬೆಳಗಿನ ಜಾವದಲ್ಲಿ ಅರಳಿ ಮಧ್ಯಾಹ್ನಕ್ಕೆ ಮುಚ್ಚುವದು. ಒಂದು ಹೂವಿಗೆ ಒಂದೇ ದಿನ. ಶಲಾಕೆಗಳು ಕೆಳಕ್ಕೆ ಬಾಗಿದ ಮೇಲೆ, ಒಂದು ಬಳ್ಳಿಯ ಹೂವಿನಿಂದ ಮೆತ್ತಗಿನ ಒಣ ಕುಂಚದಲ್ಲಿ ಹಳದಿ ಧೂಳನ್ನು ತೆಗೆದುಕೊಂಡು ಮತ್ತೊಂದು ಬಳ್ಳಿಯ ಹೂವಿನ ಮೂರು ಶಲಾಕಾಗ್ರಗಳಿಗೂ ಮುಟ್ಟಿಸಿರಿ. ಅನಂತರ ಒಂದೆರಡು ತಾಸು ನೀರು ತಗಲಬಾರದು. ಒದ್ದೆಯಾದ ಪರಾಗವು ಒಡೆದುಹೋಗುವದು. ಕೆಲಸವು ಫಲಿಸದಿದ್ದರೆ ಎರಡು ಮೂರು ದಿನಗಳಲ್ಲಿ ಹೂವು ಉದುರುವದು. ಫಲಿಸಿದ್ದರೆ ಒಂದು ವಾರದೊಳಗೆ ಹಸುರು ಗುಂಡು ಕಾಣುವದು. ಎರಡು ಎರಡೂವರೆ ತಿಂಗಳಲ್ಲಿ ಹಣ್ಣು ಬಣ್ಣ ತಿರುಗಿ ತಾನಾಗಿಯೇ ಕಳಚಿ ಬೀಳುವದು, ಅದನ್ನು ಕೀಳಬೇಕಾಗಿಲ್ಲ. ಬೀಳುವ ಹಣ್ಣು ಹೊರಗೆ ಹೋಗದಂತೆ ಒಂದು ಬಲೆಯನ್ನು ಕಟ್ಟಿದರೆ ಸಾಕು. ನೇರಳೆ ಜಾತಿಯವರಿಗೆ ಜೊತೆ ಬಳ್ಳಿಯ ಚಿಂತೆಯಿಲ್ಲ; ಅದರ ಹೂವು ಸ್ವಂತ ಪರಾಗವನ್ನು ಒಪ್ಪುವದು. ಆದರೂ ಅದನ್ನು ಮುಟ್ಟಿಸುವವರು ಯಾರಾದರೂ ಬೇಕು.

ನಮ್ಮ ವಿದ್ಯಾರ್ಥಿನಿಯು ಪುತ್ತೂರಿನಲ್ಲಿರುವ ತನ್ನ ಸಹಪಾಠಿಯಿಂದ ಬೀಜದ ಸಸಿಯೊಂದನ್ನು ತರಿಸಿಕೊಂಡಳು. ಅದು ಹೂಡಿದ ಮರುವರುಷ ಎರಡು ಬಳ್ಳಿಗಳಿಂದಲೂ ಹನ್ನೊಂದು ಹಣ್ಣುಗಳು ದೊರೆತವು. ಅವುಗಳಲ್ಲಿ ನಾಲ್ಕನ್ನು ಆ ಮಾತನ್ನಾಡಿದ ಮನೆಗೇ ಕಳುಹಿಸಿದೆನೆಂದು ಬರೆದಿದ್ದಾಳೆ. ಗೊಡ್ಡು ಎಂಬ ಶಬ್ದವನ್ನು ನಮ್ಮ ಶಾಲೆಯಲ್ಲಿ ಕಲಿತವರು ಗಿಡದ ವಿಷಯದಲ್ಲಿಯೂ ವಿಚಾರಿಸದೆ ಬಳಸಬಾರದು. ಮನುಷ್ಯರ ವಿಷಯದಲ್ಲಿಯಂತೂ ವಿಚಾರಿಸಿಯೂ ಬಳಸತಕ್ಕದ್ದಲ್ಲ.

ಶತ್ರುಗಳೂ ಅತಿಥಿಗಳೂ

ಬಳ್ಳಿಯ ಮುಖ್ಯ ಶತ್ರು ಹತ್ತಿಯ ಉಂಡೆಯಂತೆ ಗಿಣ್ಣುಗಳಲ್ಲಿ ಕೂಡುವ ಬಿಳೀ ಹಿಟ್ಟು ತಿಗಣೆ. ಇರುವೆಗಳ ಸಾಲನ್ನು ಕಂಡರೆ ಅದನ್ನು ಹುಡುಕಿರಿ. ಅದರ ಸಿಹಿಗಾಗಿ ಇರುವೆಗಳು ಅದನ್ನು ಸಾಕುತ್ತವೆ. ಆದರೆ ಎಲೆಯ ತೊಟ್ಟಿನಲ್ಲಿಯೇ ಜೇನುಗ್ರಂಥಿಗಳಿರುವದರಿಂದ ಇರುವೆಗಳು ಸುಮ್ಮನೆಯೂ ಬಂದಾವು. ಇರುವೆಯಿದ್ದಲ್ಲೆಲ್ಲಾ ರೋಗವೆಂದು ತಿಳಿಯಬೇಡಿರಿ. ತಿಗಣೆಗೆ ಸಾಬೂನಿನ ತೆಳು ನೀರನ್ನು ಸಂಜೆ ಸಿಂಪಡಿಸಿ ಬಟ್ಟೆಯಿಂದ ಒರಸುವದು ಸಾಕು. ಒಣ ಹವೆಯಲ್ಲಿ ಎಲೆಯ ಅಡಿಯಲ್ಲಿ ಕೆಂಪು ನುಸಿ ಕಂಡರೆ ನೀರಿನಿಂದ ಚೆನ್ನಾಗಿ ತೊಳೆಯಿರಿ. ಹೂವರಳಿದ ಹೊತ್ತಿನಲ್ಲಿ ಯಾವ ಔಷಧವನ್ನೂ ಸಿಂಪಡಿಸಕೂಡದು. ಬರಬೇಕಾದ ದುಂಬಿಯೇ ಸತ್ತೀತು. ಬೇರಿನ ಗಂಟುಹುಳವೂ ಸೊರಗುರೋಗವೂ ನೇರಳೆ ಜಾತಿಯನ್ನು ಬಾಧಿಸುವದರಿಂದ, ಅವುಗಳನ್ನು ತಾಳುವ ಹಳದಿ ಜಾತಿಯ ಬೇರಿನ ಮೇಲೆ ಕಸಿಮಾಡಿದ ಸಸಿ ಸಿಕ್ಕಿದರೆ ಅದನ್ನೇ ಕೊಳ್ಳಿರಿ.

ಒಂದು ದಿನ ಎಲೆಗಳ ಮೇಲೆ ಕೆಂಗಂದು ಬಣ್ಣದ, ಕವಲು ಮುಳ್ಳುಗಳುಳ್ಳ ಹುಳುಗಳ ಗುಂಪು ಕಂಡರೆ ಗಾಬರಿಪಡಬೇಡಿರಿ. ಕಿತ್ತಳೆ ಬಣ್ಣದ ರೆಕ್ಕೆಯಲ್ಲಿ ಕರೀ ಚುಕ್ಕೆಗಳುಳ್ಳ ಟಾನಿ ಕೋಸ್ಟರ್ ಎಂಬ ಚಿಟ್ಟೆಯ ಮರಿಗಳು ಅವು. ಈ ಕುಲದ ಎಲೆಗಳೇ ಅವುಗಳ ಆಹಾರ. ಬಳ್ಳಿ ಎಳೆಯದಾದರೆ ಹುಳುಗಳನ್ನು ಎಲೆಸಹಿತ ತೆಗೆದು ಬೇಲಿಯ ಕುಕ್ಕಿಬಳ್ಳಿಗೆ ದಾಟಿಸಿರಿ. ದೊಡ್ಡದಾದರೆ ಒಂದು ಕೊಂಬೆಯನ್ನು ಅವುಗಳಿಗೆ ಬಿಟ್ಟು ಮಕ್ಕಳಿಗೆ ತೋರಿಸಿರಿ. ಹೋದ ಎಲೆಗಳು ಮತ್ತೆ ಚಿಗುರುವವು.

ತಾಯಂದಿರಿಗೆ ಒಂದು ಎಚ್ಚರಿಕೆ. ಈ ಕುಲದ ಬಹು ಜಾತಿಗಳ ಎಲೆ, ಕಾಂಡ, ಕಾಯಿಗಳಲ್ಲಿ ಅಗಿದಾಗ ಸಯನೈಡ್ ವಿಷವನ್ನು ಬಿಡುವ ಪದಾರ್ಥಗಳಿರುತ್ತವೆ. ಎಡ್ಯೂಲಿಸ್ ಜಾತಿಯ ಪೂರ್ಣ ಮಾಗಿದ ಹಣ್ಣಿನ ತಿರುಳು ನಿರ್ಭಯವಾದ ಆಹಾರ. ಹಸುರು ಕಾಯಿಯನ್ನಾಗಲಿ ಅಲಂಕಾರದ ಜಾತಿಗಳ ಹಣ್ಣನ್ನಾಗಲಿ ಮಕ್ಕಳು ಬಾಯಿಗೆ ಹಾಕದಂತೆ ನೋಡಿಕೊಳ್ಳಿರಿ. ಇನ್ಕಾರ್ನಾಟಾ ಜಾತಿಯ ಎಲೆಯಿಂದ ನಿದ್ರೆಗಾಗಿ ಔಷಧ ಮಾಡುವದುಂಟು. ಅದನ್ನು ಮನೆಯಲ್ಲಿ ಕಷಾಯ ಕಾಸಿ ಪ್ರಯೋಗಿಸುವದು ಸಲ್ಲದು, ಗರ್ಭಿಣಿಯರಿಗಂತೂ ಬೇಡವೇ ಬೇಡ. ಶರಬತ್ತಿನ ವಿಧಾನ ಎಲ್ಲರಿಗೂ ಗೊತ್ತು: ಸಿಪ್ಪೆ ಸ್ವಲ್ಪ ಸುಕ್ಕಾದ ಹಣ್ಣನ್ನು ಅಡ್ಡಲಾಗಿ ಕೊಯ್ದು, ತಿರುಳನ್ನು ಚಮಚದಿಂದ ತೆಗೆದು, ಸೋಸಿ, ಸಕ್ಕರೆ ಮತ್ತು ತಣ್ಣೀರು ಕೂಡಿಸುವದು. ಬೀಜಗಳನ್ನು ಚೆಲ್ಲದೆ ತೊಳೆದು ಬಿತ್ತಿರಿ, ಇಲ್ಲವೆ ಸಹಪಾಠಿಗೆ ಕಳುಹಿಸಿರಿ.

ಶಾಲೆಯ ತೋಟದಲ್ಲಿ ಈಗ ನೀಲಿ ಜಾತಿಯ ಒಂದು ಬಳ್ಳಿಯೂ, ಬೇರೆ ಬೇರೆ ಬೀಜಗಳಿಂದ ಹುಟ್ಟಿದ ಎರಡು ಹಳದಿ ಬಳ್ಳಿಗಳೂ ಇವೆ. ಜೂನ್ ತಿಂಗಳಲ್ಲಿ ಶಾಲೆ ತೆರೆದ ಮೇಲೆ ಯಾವ ಶನಿವಾರ ಬೆಳಿಗ್ಗೆಯಾದರೂ ಹಳೆಯ ವಿದ್ಯಾರ್ಥಿನಿಯರೂ ತಾಯಿತಂದೆಗಳೂ ಬಂದು ಕಡ್ಡಿಗಳನ್ನು ಕೇಳಿ ಪಡೆಯಬಹುದು. ಸುತ್ತಿಕೊಂಡು ಹೋಗುವದಕ್ಕೆ ಒದ್ದೆ ಗೋಣಿಯ ತುಂಡೊಂದನ್ನು ತರತಕ್ಕದ್ದು. ಒಂದು ಹಳದಿ ಬಳ್ಳಿಯ ಕಡ್ಡಿಗೆ ಕೆಂಪು ನೂಲನ್ನೂ ಇನ್ನೊಂದರದ್ದಕ್ಕೆ ಬಿಳೀ ನೂಲನ್ನೂ ಕಟ್ಟಿ ಕೊಡುವೆವು. ಹಣ್ಣು ಬೇಕಾದವರು ಎರಡು ನೂಲುಗಳ ಕಡ್ಡಿಗಳನ್ನೂ ಕೇಳಿ ತೆಗೆದುಕೊಳ್ಳಲು ಮರೆಯಬಾರದು.